ಕಿರುಬೆರಳಿನಷ್ಟು ಜಾಗ

ಅಸ್ಮಾರಾದ ಮೆದೆಬರಿನಲ್ಲಿ ಬೆಳಗಿನಿಂದ ಒಂದೇ ಬಡಿತ:
ಹಳೆ ಡ್ರಮ್ಮು ಒಲೆಯಾಗುವ ಸದ್ದು,
ಲಾರಿಯ ಪಟ್ಟಿ ಗುದ್ದಲಿಯಾಗುವ ಸದ್ದು.
ಹಿಂದಿನ ಗಲ್ಲಿಯಲ್ಲಿ ಅಸ್ಮೆಲಾಶನ ಅಂಗಡಿ.
ಮೊಳೆಗೆ ತೂಗುಬಿದ್ದ ಚೌಕಟ್ಟುಗಳು,
ಒಂದು ಬೆಕ್ಕು, ಮೂರು ಸೈಕಲ್ಲು, ನಾನು.

"ಎಲ್ಲಿಗೆ?" ಅಂದ. ಎಷ್ಟರೊಳಗೆ ಎಂದು ಕೇಳಲಿಲ್ಲ.
ಹೇಳಿದೆ: ದೆಕೆಮ್ಹಾರೆ ರಸ್ತೆಯಲ್ಲಿ ಹನ್ನೊಂದು ಕಿಲೋಮೀಟರು ಡಾಂಬರು,
ಆಮೇಲೆ ಎಡಕ್ಕೆ, ಪಾಪಾಸುಕಳ್ಳಿಯ ಸಾಲು ಹಿಡಿದು ಏಳು ಕಿಲೋಮೀಟರು
ಕಲ್ಲು, ಹಿಟ್ಟಿನಂಥ ಮಣ್ಣು, ಮತ್ತೆ ಕಲ್ಲು,
ಕೊನೆಗೆ ನನ್ನ ಶಾಲೆ. ಏಳನೇ ತರಗತಿ, ಗಣಿತ.
ಬೆನ್ನ ಮೇಲೆ ನಲವತ್ತಾರು ನೋಟ್‌ಬುಕ್ಕು.

ಮೂಲೆಯ ದಪ್ಪಗಾಲಿಯ ಕಡೆ ಗಲ್ಲ ಎತ್ತಿ ತೋರಿಸಿದ.
ಹೇರುಕತ್ತೆಯಂಥ ಸಾಧು ಅದು, ಬಲ್ಲೆ.
ಗುಂಡಿಯನ್ನೂ ನುಂಗುತ್ತದೆ, ನನ್ನ ಕಾಲಿನ ಬಲವನ್ನೂ ನುಂಗುತ್ತದೆ.
ಹತ್ತು ಸಲ ತುಳಿದರೆ ಆರಕ್ಕಷ್ಟೇ ಲೆಕ್ಕ ಕೊಡುತ್ತದೆ.
ಗಣಿತ ಕಲಿಸುವವಳು ಇದನ್ನು ಹೇಗೆ ಒಪ್ಪಲಿ?

ಇಪ್ಪತ್ತರಲ್ಲಿ ನಾನು ರೇಸಿಗಿಳಿದವಳು, ಅಸ್ಮೆಲಾಶ್.
ಹರ್ನೆತ್ ಬೀದಿಯ ಈಚಲಮರಗಳು
ಬೇಲಿಯ ಗೂಟಗಳ ಹಾಗೆ ಹಿಂದೆ ಓಡಿದ್ದನ್ನು ಕಂಡವಳು.
ಈಗ ನಲವತ್ತೊಂದು. ಎಡ ಭುಜದಲ್ಲಿ ಒಂದು ಹಳೆಯ ಬಿರುಕು,
ಮೋಡ ಕವಿದಾಗ ಮಾತಾಡುತ್ತದೆ.
ಆದರೂ ನನಗೆ ಓಡುವುದೇ ಬೇಕು.

ಹಾಗಾದರೆ ಇದು, ಎಂದು ಬಿಳಿಯದನ್ನು ಇಳಿಸಿದ.
ಎರಡು ಬೆರಳಿಗೆ ಎದ್ದು ಬಂತು.
ಡಾಂಬರಿನ ಮೇಲೆ, ಆಹಾ, ಹೇಳುವ ಮೊದಲೇ ಹೊರಟಿತು.
ಗಲ್ಲಿಯ ಕಲ್ಲುಹಾಸಿಗೆ ಬಂದದ್ದೇ ತಡ,
ಚಾಡಿಕೋರ! ದಾರಿಯ ಒಂದೊಂದು ಕಲ್ಲಿನ ಮಾತನ್ನೂ
ನನ್ನ ಹಲ್ಲಿಗೆ ತಂದು ಒಪ್ಪಿಸಿತು.
ತಿರುಗಿ ಬಂದಾಗ ಬೆಕ್ಕು ಆಕಳಿಸುತ್ತಿತ್ತು.

ಮೂರನೆಯದನ್ನು ಅವನು ತೋರಿಸಲೇ ಇಲ್ಲ. ನಾನೇ ಕೇಳಿದೆ.
ಹಸಿರು ಉಕ್ಕು. ಗೇಟಿಗೆ ಹಚ್ಚುವ ಬಣ್ಣ,
ಅಡ್ಡಕೊಳವೆಯ ಮೇಲೆ ಮೂರು ಹನಿ ಜಾರಿ ಗಟ್ಟಿಯಾಗಿವೆ.
ಗೇಣೆತ್ತರ ಎತ್ತಿ ಕಲ್ಲಿನ ಮೇಲೆ ಕೈಬಿಟ್ಟ.
ಸಡಿಲವಾದದ್ದು ಗಡಗಡ ಅನ್ನುತ್ತದೆ; ಇದು ಒಂದೇ ಸಲ
ಟಣ್ ಎಂದು ಸುಮ್ಮನಾಯಿತು.

"ಬೆರಳು ಕೊಡು," ಅಂದ.
ಟೈರಿಗೂ ಕವಲಿಗೂ ನಡುವೆ ನನ್ನ ಕಿರುಬೆರಳು ತೂರಿತು.
"ಇಷ್ಟು ಜಾಗ ಇರಬೇಕು. ಮಣ್ಣು ಬರುತ್ತದೆ,
ಬಂದದ್ದು ಹೋಗಬೇಕಲ್ಲ.
ಗಾಳಿ ತುಂಬುವಾಗ ಆಸೆ ಪಡಬೇಡ,
ಹಣ್ಣಾದ ಬೆಲೆಸಿನ ಹಾಗೆ ಹೆಬ್ಬೆರಳಿಗೆ ಒಂದಿಷ್ಟು ತಗ್ಗಬೇಕು."

ಸ್ಟೇಡಿಯಂ ಹಿಂದಿನ ಕೊರಕಲಿಗೆ ಒಯ್ದೆ.
ಮೊದಲ ಏರಿನಲ್ಲಿ ಎದ್ದು ನಿಂತು ತುಳಿದೆ:
ಉಕ್ಕು ಕೂದಲೆಳೆಯಷ್ಟು ಬಾಗಿತು, ಬಾಗಿದ್ದನ್ನು ಮರೆಯದೆ
ಮುಂದಿನ ತುಳಿತಕ್ಕೆ ಬಡ್ಡಿ ಸೇರಿಸಿ ಕೊಟ್ಟಿತು.
ಕಲ್ಲುಗಳು ಇದ್ದವು, ಇರುವುದು ತಿಳಿಯುತ್ತಿತ್ತು,
ನೆರೆಮನೆಯ ಜಗಳದ ಹಾಗೆ, ಗೋಡೆಯಾಚೆ.
ಮುಂಗಾಲಿ ದಾರಿಯನ್ನು ತಾನೇ ಮೂಸಿ ಹುಡುಕುತ್ತಿತ್ತು.
ಯಾರೂ ಇಲ್ಲದ ಕಡೆ ಒಮ್ಮೆ ಕೂಗಿದೆ. ಏನೆಂದು ನೆನಪಿಲ್ಲ.

ಬ್ರೇಕು ಕಿರುಚುತ್ತದೆ ಎಂದು ಬೆಲೆ ಇಳಿಸಿದೆ.
ಕಿರುಚಿದರೆ ಗಂಟೆ ಉಳಿಯಿತು ಎಂದು ಅವನು ಏರಿಸಿದ.
ಶುಂಠಿ ಹಾಕಿದ ಕಾಫಿ ಎರಡು ಸುತ್ತು ಮುಗಿಯಿತು.
ದುಡ್ಡು ಎಣಿಸುವಾಗ ಬಣ್ಣದ ಕೆಳಗೆ ಹೆಬ್ಬೆರಳಿಗೆ
ಒಂದು ಹೆಸರು ಸಿಕ್ಕಿತು, ಉಬ್ಬಿದ ಅರ್ಧ ಅಕ್ಷರಗಳು.
"ಯಾರದಿದು?"
ಅಸ್ಮೆಲಾಶ್ ಒಂದು ನಟ್ಟನ್ನು ಹುಡುಕತೊಡಗಿದ,
ಅದು ಅವನ ಕೈಯಲ್ಲೇ ಇತ್ತು.
ಮತ್ತೆ ಕೇಳಲಿಲ್ಲ.

ಐದನೆಯ ದಿನ ಕಳ್ಳಿಮುಳ್ಳು ಹೊಕ್ಕಿತು. ತೇಪೆ ಹಾಕಿ
ಕಪ್ಪು ಕೈಯಲ್ಲೇ ಶಾಲೆಗೆ ಹೋದೆ, ತಡವಾಗಿ.
ಹಾಜರಿಗೆ ಮುಂಚೆ ಮಕ್ಕಳು ಸಾಲುಗಟ್ಟಿ
ಒಬ್ಬೊಬ್ಬರಾಗಿ ಕವಲಿನೊಳಗೆ ಕಿರುಬೆರಳು ತೂರಿಸಿ ನೋಡಿದರು.
ಕೊನೆಯವಳು ಲುವಾಮ್. ಬೆರಳ ತುದಿಗೆ
ಬೆಳಗಿನ ಏಳು ಕಿಲೋಮೀಟರು ಮೆತ್ತಿಕೊಂಡು ಬಂತು.
ಒಳಗೆ ಹೋಗಿ ಬೋರ್ಡಿನ ಮೇಲೆ ಅದರಿಂದ ಒಂದು ಗೆರೆ ಎಳೆದಳು,
ಸೊಟ್ಟಗೆ.
ಇವತ್ತು ಸರಳರೇಖೆ ಇತ್ತು ಪಾಠ.
ಅಳಿಸಲಿಲ್ಲ.