ಮೂರು ಲೋಟ ಒಂದಾಗುವವರೆಗೆ

ಕೋಲಾರದ ಟೊಮೇಟೊ ಮಂಡಿಯಲ್ಲಿ
ಹದಿನೇಳು ವರ್ಷ ಕೂಗಿದ ಗಂಟಲು
ಆಷಾಢದ ಒಂದು ಬುಧವಾರ
ಇನ್ನೂರ ಅರವತ್ತಕ್ಕೂ ಎಪ್ಪತ್ತಕ್ಕೂ ನಡುವೆ
ನಿಂತುಹೋಯಿತು.

ಬಾಯಿ ತೆರೆದೇ ಇದೆ, ಕೈ ಮೇಲಿದೆ,
ಚೆನ್ನೈನ ಭಾಯಿ, ನಾಗಪುರದ ಸೇಟು
ನನ್ನ ತುಟಿಯನ್ನೇ ನೋಡುತ್ತಿದ್ದಾರೆ.
ಹೊರಬಿದ್ದದ್ದು ಗಾಳಿ. ಪಂಚರಾದ ಟ್ಯೂಬಿನ ಗಾಳಿ.
"ಮನೆಗೆ ಹೋಗು ರೋಣಪ್ಪಾ" ಅಂದರು ಮಂಡಿ ಸಾಹುಕಾರರು,
"ಮೂರು ದಿನ ಬಾಯಿಗೆ ಬೀಗ."

ನನಗೆ ಮಾತೆಂದರೆ ಓಟ.
ಕನ್ನಡದಲ್ಲಿ ಶುರು ಮಾಡಿ, ತೆಲುಗಿನಲ್ಲಿ ಏರಿಸಿ,
ಹಿಂದಿಯಲ್ಲಿ ಮುಗಿಸುತ್ತೇನೆ ಒಂದೇ ಉಸಿರಿಗೆ,
ಕ್ರೇಟಿನ ಮೇಲೆ ಕ್ರೇಟು, ರೇಟಿನ ಮೇಲೆ ರೇಟು.
ನನ್ನ ಮಗಳಿಗೆ ಮಾತೆಂದರೆ
ಮಳೆ ಬಂದ ದಿನ ಮಂಡಿಯ ಕೆಸರು ದಾಟಿದ ಹಾಗೆ:
ಒಂದು ಕಾಲಿಟ್ಟು, ಹಿಂದಕ್ಕೆ ತೆಗೆದು, ಮತ್ತೆ ಇಟ್ಟು.

ಭಾರ್ಗವಿ. ಆರನೇ ಕ್ಲಾಸು.
ಯಾರಾದರೂ ಹೆಸರು ಕೇಳಿದರೆ "ಭ" ಎಂದು ನಿಲ್ಲುತ್ತಾಳೆ,
"ಭಾರ್ಗವಿ" ಎನ್ನುತ್ತೇನೆ ನಾನು.
"ಅಪ್ಪಾ ನಂಗೆ ಜ, ಜ," ಎಂದರೆ
ಜಡೆಗೆ ಟೇಪಾ? ಜಾಮಿಟ್ರಿ ಬಾಕ್ಸಾ? ಜಾಮೂನಾ?
ಒಂದು ಸಾರಿ, ಎರಡು ಸಾರಿ, ಮೂರು ಸಾರಿ,
ಅವಳ ಮಾತು ನನ್ನ ಕೈಯಲ್ಲಿ ಹರಾಜು.
ಹೂಂ ಎಂದು ತಲೆಯಾಡಿಸಿ ಹೋಗುತ್ತಿದ್ದಳು
ಬೇಕಾದ್ದು ಅದಲ್ಲದಿದ್ದರೂ.
ಸಹಾಯ ಅಂದುಕೊಂಡಿದ್ದೆ.

ಅವಳಮ್ಮ ತಂಗಿಯ ಬಾಣಂತನಕ್ಕೆ ಶ್ರೀನಿವಾಸಪುರದಲ್ಲಿ.
ಮನೆಯಲ್ಲಿ ನಾವಿಬ್ಬರೇ. ಮಾತು ನಿಂತವನೊಬ್ಬ,
ಮಾತು ನಿಂತು ನಿಂತು ಬರುವವಳೊಬ್ಬಳು.

ಸಂಜೆ ಸ್ಕೂಲಿಂದ ತಡವಾಗಿ ಬಂದಳು, ಕೈಯಲ್ಲಿ ಪೊಟ್ಟಣ.
ಒಲೆ ಹಚ್ಚಿದಳು. ಪೇಂಟ್ ಡಬ್ಬದಲ್ಲಿ ಬೆಳೆದ
ದೊಡ್ಡಪತ್ರೆಯ ಐದು ಎಲೆ, ಕುಟ್ಟಿದ ಮೆಣಸು, ಶುಂಠಿ,
ಬೆಲ್ಲದ ಚೂರು. ಆಮೇಲೆ ಪೊಟ್ಟಣ ಬಿಚ್ಚಿ
ಒಂದು ಒಣ ಕಡ್ಡಿ, ಮುರಿದರೆ ಒಳಗೆ ಹಳದಿ ನಾರು.
ಮೂರು ಲೋಟ ನೀರು ಒಂದಾಗಬೇಕು
ಎಂದು ಬೆರಳಿನಲ್ಲಿ ತೋರಿಸಿದಳು,
ನನಗೆ ಕಿವಿಯೂ ಹೋಗಿದೆ ಎನ್ನುವಂತೆ.

ಕುದಿಯುವುದಕ್ಕೆ ಹೊತ್ತಿತ್ತು. ಅವಳೇ ಶುರು ಮಾಡಿದಳು.
"ಕ್ಲಾಕ್ ಟವರ್ ಹತ್ರ ಗ್ರಂಧಿಗೆ ಅಂಗಡೀಲಿ, ಅಪ್ಪಾ,
ಆ ತಾತನ್ನ ಕೇಳ್ದೆ, ಅ, ಅ, ಅಂತ..."
ನನ್ನ ನಾಲಿಗೆ ಎದ್ದಿತು. ಅಶ್ವಗಂಧ? ಅಳಲೆಕಾಯಿ? ಅರಿಶಿನ?
ಗಂಟಲಲ್ಲಿ ಮುಳ್ಳು. ಶಬ್ದ ಹೊರಡಲಿಲ್ಲ.
"ತಾತಾನೂ ಅಶ್ವಗಂಧಾನಾ ಅಂದ. ಅ, ಅಲ್ಲ ಅಂದೆ.
ಅಳಲೆಕಾಯಾ ಅಂದ.
ಹಿಂದೆ ನಿಂತಿದ್ದೋರು ಬೇಗ ಹೇಳಮ್ಮ ಅಂದ್ರು.
ನಾ, ನಾನು ಹೋಗ್ಲಿಲ್ಲ."

ನೀರು ಒಂದು ಗೆರೆ ಇಳಿದಿತ್ತು.
ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ
ಎಷ್ಟೊಂದು ಜಾಗ ಅವಳಲ್ಲಿ! ಆ ಜಾಗದಲ್ಲಿ
ಕಣ್ಣು ಸೂರಿಗೆ ಹೋಗುತ್ತದೆ,
ಎಡಗೈ ಲಂಗದ ಅಂಚು ಹಿಂಡುತ್ತದೆ,
ಕತ್ತಿನಲ್ಲೊಂದು ನರ ಏಳುತ್ತದೆ,
ಮುನ್ನೂರು ದಾಟಿಸುವಾಗ ನನಗೇಳುವ ಅದೇ ನರ.
ಹನ್ನೊಂದು ವರ್ಷ ನಾನದನ್ನು ನೋಡಿರಲಿಲ್ಲ.

"ಕೊನೇಗೆ ಬಂತು" ಅಂದಳು. "ಪೂ, ಪೂರ್ತಿ ಬಂತು.
ಅತಿಮಧುರ.
ಎಷ್ಟಕ್ಕೆ ಕೊಡ್ಲಿ ಅಂದ. ಹತ್ತು ರೂಪಾಯಿಗೆ ಅಂದೆ.
ಅದು ಸಲೀಸಾಗಿ ಬಂತು."

ಲೋಟ ಕೊಟ್ಟಳು. ಮೊದಲು ಮೆಣಸು ಕಚ್ಚಿತು,
ಆಮೇಲೆ ಪತ್ರೆಯ ಘಾಟು. ಉರಿ ಇಳಿದು,
ಎಲ್ಲ ನುಂಗಿಯಾದ ಎಷ್ಟೋ ಹೊತ್ತಿಗೆ
ನಾಲಿಗೆಯ ಬುಡದಲ್ಲಿ ಒಂದು ಸಿಹಿ.
ಬೆಲ್ಲದ್ದಲ್ಲ. ಬೆಲ್ಲ ಅಷ್ಟು ತಡ ಮಾಡುವುದಿಲ್ಲ.

ಶುಕ್ರವಾರಕ್ಕೆ ಗಂಟಲು ಬಿಟ್ಟಿತು.
ಬಚ್ಚಲಲ್ಲಿ ನಲ್ಲಿ ತಿರುಗಿಸಿಕೊಂಡು
ಅರವತ್ತು, ಎಪ್ಪತ್ತು, ಎಂಬತ್ತು ಅಂದು ನೋಡಿದೆ. ಬರುತ್ತಿದೆ.
ಸಂಜೆ ಅವಳು ಬಂದಾಗ
ಕತ್ತು ಹಿಡಿದುಕೊಂಡು ತಲೆಯಾಡಿಸಿದೆ.

ಒಲೆ ಹಚ್ಚಿದಳು. ನೀರಿಟ್ಟಳು. ಬೆನ್ನು ನನ್ನ ಕಡೆಗೆ.
"ಹಾಲಿನ ಮು, ಮುನಿಶಾಮಿ ಸಿಕ್ಕಿದ್ದ, ಅಪ್ಪಾ.
ಬೆಳಿಗ್ಗೆ ನೀನು ಅವನಿಗೆ, ಬರೀ ನೀರು ಹಾಕ್ತೀಯ ಅಂತ
ಬ, ಬ..."

ಬೈದೆ ಎಂದು ನಾನೇ ಮುಗಿಸಿಬಿಡಬಹುದಿತ್ತು.
ಕಾದೆ.
ನೀರೂ ಕಾಯುತ್ತಿತ್ತು.