ಅರವತ್ತೆಂಟು ನಿಮಿಷ

ಬೆಳಗಿನ ಆರೂವರೆಗೆ ಹಿಂಡಬೇಕು ಇದನ್ನು.
ಹಾಗೇ ಅನ್ನುತ್ತೇವೆ ಇಲ್ಲಿ, ಹಾಲು ಹಿಂಡುವುದು ಅಂತ,
ಸೀಸದ ಗೋಡೆಯ ಹಿಂದೆ ಕೂತ ಈ ಡಬ್ಬಿಯನ್ನು.
ಮೇಲಿಂದ ಆಸಿಡ್ ಇಳಿಸಿದರೆ ಕೆಳಗೆ
ಒಂದು ಚಮಚೆ ಗ್ಯಾಲಿಯಂ.
ಧಾರವಾಡದ ಗೌಳಿ ಗಲ್ಲಿಯಲ್ಲಿ ಬೆಳೆದವನಿಗೆ
ನಗು ತಡೆಯುವುದು ಕಷ್ಟ:
ಕೋಡಿಲ್ಲ, ಕರುವಿಲ್ಲ, ಒದೆಯುವುದಿಲ್ಲ,
ಹಾಲಿಗೆ ಮಾತ್ರ ಆಯುಷ್ಯವಿಲ್ಲ.
ಅರವತ್ತೆಂಟು ನಿಮಿಷಕ್ಕೆ ಅರ್ಧ ಕಸುವು,
ಇನ್ನೊಂದು ಅರವತ್ತೆಂಟಕ್ಕೆ ಅರ್ಧದ ಅರ್ಧ.
ಯಾರೂ ನೀರು ಬೆರೆಸದೆಯೇ
ತೆಳ್ಳಗಾಗುತ್ತ ಹೋಗುತ್ತದೆ.

ನ್ಯೂಕಾಸಲ್‌ಗೆ ಇನ್ನೂ ಸರಿಯಾಗಿ ಬೆಳಕಾಗಿಲ್ಲ.
ಸಂಡರ್‌ಲ್ಯಾಂಡಿನಿಂದ ಮೆಟ್ರೋ ಹಿಡಿದು ಬಂದು ಕೂತಿದ್ದಾರೆ
ಬೆರಿಲ್ ಥರ್ಲವೇ, ಅರವತ್ತಮೂರು,
ಶಾಲೆಯ ಮುಂದಿನ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷ
ಹಳದಿ ಕೋಟು ತೊಟ್ಟು, ಕೋಲು ಹಿಡಿದು ನಿಂತು
ಮಕ್ಕಳನ್ನು ಆ ಕಡೆಗೆ ದಾಟಿಸಿದವರು.

ಒಂಬತ್ತು ವರ್ಷದಿಂದ ಮುಖ ಕೆಂಪಾಗುತ್ತಿತ್ತು, ಸುಮ್ಮಸುಮ್ಮನೆ.
ಮುಟ್ಟು ನಿಲ್ಲುವ ವಯಸ್ಸು ಅಂದರು.
ಹೊಟ್ಟೆ ಕೆಟ್ಟಿತು. ಕರುಳಿಗೆ ಸಿಡಿಮಿಡಿ ಅಂದರು;
ಹಾಲು ಬಿಡಿ, ಗೋಧಿ ಬಿಡಿ, ಚಿಂತೆ ಬಿಡಿ.
ಚರ್ಚಿನ ಹಿಂದಿನ ಸಾಲಿನಲ್ಲಿ ಯಾರೋ
ಕುಡಿತ ಅಂದರು, ಮೆಲ್ಲಗೆ, ಕೇಳಿಸುವ ಹಾಗೆ.
"ಒಂದು ಗುಟುಕು ಶೆರ್ರಿಗೂ ಉರಿಯುತ್ತಿತ್ತು, ಪೆಟ್,
ಬಿಟ್ಟೇಬಿಟ್ಟೆ. ಬಿಟ್ಟ ಮೇಲೂ ಅಂದರು."

ಪೆಟ್ ಅಂದರೆ ಈ ಊರಲ್ಲಿ ಕಂದಾ, ಮಗಾ, ಏನಪ್ಪಾ.
ಬಸ್ ಡ್ರೈವರಿಗೂ ಪೆಟ್, ಬೆಕ್ಕಿಗೂ ಪೆಟ್,
ಸೂಜಿ ಚುಚ್ಚುವ ನನಗೂ.
ನಮ್ಮ ಯಂತ್ರದ ಹೆಸರೂ ಪೆಟ್ ಎಂದಾಗ
ಹಾಗಾದರೆ ಒಳ್ಳೆಯದೇ ಇರಬೇಕು ಎಂದು
ಅದರ ಬಿಳಿ ಮೈ ತಟ್ಟಿದರು.

ಕೊನೆಗೆ ರಜೆಯ ಬದಲಿಗೆ ಬಂದ ಹುಡುಗಿ ಡಾಕ್ಟರ್
ಕೇಳಿದಳಂತೆ: ಈಗಷ್ಟೇ ಇಷ್ಟು ಕೆಂಪಾದಿರಲ್ಲ,
ಒಂದು ಹನಿ ಬೆವರಲಿಲ್ಲವೇಕೆ?
ಅದೊಂದು ಪ್ರಶ್ನೆಗೆ ಒಂಬತ್ತು ವರ್ಷ.
ಇಡೀ ದಿನದ ಮೂತ್ರವನ್ನು ಕ್ಯಾನಿನಲ್ಲಿ ಹಿಡಿದು
ಬಸ್ಸಿನಲ್ಲಿ ಒಯ್ದರಂತೆ, ತೊಡೆಯ ಮೇಲೆ, ಮಗುವಿನ ಹಾಗೆ.

ಮದ್ದು ಏರಿ ಒಂದು ಗಂಟೆ ಮಲಗಬೇಕು.
ನಿಮ್ಮ ಭಾಷೆಯಲ್ಲಿ ಇದಕ್ಕೇನಂತೀರಿ ಎಂದು ಕೇಳಿದರು.
ಗಂಟು, ಅಂದೆ.
ತಾಳಿಗೆ ಹಾಕುವುದೂ ಗಂಟು,
ನಮ್ಮಜ್ಜಿ ಸೆರಗಿನ ತುದಿಯಲ್ಲಿ ನಾಣ್ಯ ಕಟ್ಟಿದ್ದೂ ಗಂಟು.
"ಯಾರಪ್ಪನ ಗಂಟೋ" ಎಂಬುದನ್ನು ಮಾತ್ರ
ಇಂಗ್ಲಿಷಿಗೆ ತರಲು ಆಗಲಿಲ್ಲ.
ಗೂಂಟೂ, ಗೂಂಟೂ, ಎಂದು ಎರಡು ಸಲ ಹೇಳಿ ನಿದ್ದೆ ಹೋದರು.

ಪರದೆಯ ಮೇಲೆ ಗುಲ್ಮ ಬೆಳಗಿತು, ಮೂತ್ರಪಿಂಡ ಬೆಳಗಿದವು.
ಇವು ಬೆಳಗಬೇಕಾದವೇ.
ಆಮೇಲೆ, ಸಣ್ಣಕರುಳಿನ ಕಟ್ಟಕಡೆಯ ತಿರುವಿನಲ್ಲಿ
ಕಡಲೆಕಾಳಿನಷ್ಟು.
ಲಿವರಿನಲ್ಲಿ ಮೂರು. ಅಲ್ಲ, ನಾಲ್ಕು.
ಹೇಳುವ ಅಧಿಕಾರ ನನಗಿಲ್ಲ.
ಕಂಡದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದೇ
ಈ ನೌಕರಿಯಲ್ಲಿ ಅರ್ಧ.
"ಚೆನ್ನಾಗಿ ಬಂತಾ, ಪೆಟ್?"
ಚಿತ್ರ ಚೆನ್ನಾಗಿ ಬಂದಿದೆ, ಅಂದೆ. ಸುಳ್ಳಲ್ಲ.

ಗೇಣುದ್ದ ಕರುಳು ಕತ್ತರಿಸಿ ಹೊಲಿದರು.
ತಿಂಗಳಿಗೊಂದು ದಪ್ಪ ಸೂಜಿ.
ಆಮೇಲೆ ಎಂಟು ವಾರಕ್ಕೊಮ್ಮೆ ಲುಟೀಶಿಯಂ, ನಾಲ್ಕು ಸಲ:
ಗ್ಯಾಲಿಯಂ ದೀಪ ಹಿಡಿದು ಹೋಗಿದ್ದ ಅದೇ ವಿಳಾಸಕ್ಕೆ
ಈಗ ಕೆಂಡ.
ಕಿಡ್ನಿ ಕಾಯುವ ಡ್ರಿಪ್ಪಿಗೆ ವಾಂತಿ ಮಾಡಿಕೊಂಡು
ಪಾತ್ರೆ ಹಿಡಿದವಳ ಕ್ಷಮೆ ಕೇಳಿದರು.

ಮನೆಗೆ ಹೋಗಿ ಕೆಲವು ದಿನ ಮಕ್ಕಳಿಂದ ದೂರ.
ಮೊಮ್ಮಗ ಗೇಟು ನೂಕಿಕೊಂಡು ಓಡಿ ಬಂದಾಗ
ಕೈ ತಂತಾನೇ ಮೇಲೆದ್ದಿತಂತೆ, ಅಂಗೈ ಮುಂದೆ ಮಾಡಿ,
ಲಾರಿಗಳನ್ನು ನಿಲ್ಲಿಸುತ್ತಿದ್ದ ಹಾಗೆ.
ಹುಡುಗ ಗಕ್ಕನೆ ನಿಂತ.
"ಇಪ್ಪತ್ತೆರಡು ವರ್ಷದಲ್ಲಿ ಮಗುವಿನ ಕಡೆ
ಕೈ ಹೀಗೆ ಮಾಡಿರಲಿಲ್ಲ" ಎಂದು
ತೋರಿಸಿದರು ನನಗೆ, ಅದೇ ಕೈ.

ಮತ್ತೆ ಚಿತ್ರ ತೆಗೆದೆ, ಮಾರ್ಚಿನಲ್ಲಿ.
ಹೋಗಿಲ್ಲ. ಬೆಳೆದೂ ಇಲ್ಲ.
ಮಬ್ಬಾಗಿವೆ ಎಂದು ಬರೆದರು ದೊಡ್ಡ ಡಾಕ್ಟರು.

ನಾಳೆಯ ಪಟ್ಟಿಯಲ್ಲಿ ಎರಡು ಹೆಸರು.
ಡಬ್ಬಿ ಹಳೆಯದಾಗಿದೆ, ಹೊಸದು ಬರಲು ಮೂರು ವಾರ.
ಹಿಂಡಿದರೆ ಒಬ್ಬರಿಗಾಗುವಷ್ಟು,
ಅದೂ ಮೆಟ್ರೋ ತಡವಾಗದಿದ್ದರೆ.