ನಡುಗೋಡೆಯ ಸ್ವರ

ಬಿಸ್ಕತ್ತಿನ ಡಬ್ಬಿಯೊಳಗೆ ಆಂಪ್ಲಿಫೈಯರ್ ಕಟ್ಟಿದೆ.
ಸ್ವಿಚ್ಚು ಹಾಕಿದೆ. ಹಾಡಿಗೆ ಮೊದಲೇ
ಗುಂಯ್ ಎಂದಿತು ಡಬ್ಬಿ,
ಹಾಡು ಮುಗಿದ ಮೇಲೂ ಗುಂಯ್.
ಮುಚ್ಚಳದ ಮೇಲಿನ ಹುಡುಗಿ ಮಾತ್ರ
ಹಾಲಿನ ಲೋಟ ಹಿಡಿದು ನಗುತ್ತಲೇ ಇದ್ದಳು.

ದುರ್ಗಿಗುಡಿಯ ಗೌಸ್‌ಪೀರ್ ಅಂಗಡಿಯ ಮಾಲು:
ಹನ್ನೆರಡು ವೋಲ್ಟಿನ ಟ್ರಾನ್ಸ್‌ಫಾರ್ಮರು, ನಾಲ್ಕು ಡಯೋಡು,
ಹಳೆ ಟೀವಿಯಿಂದ ಕಿತ್ತ ದಪ್ಪ ಕೆಪಾಸಿಟರು.
"ತಲೆ ಉಬ್ಬಿದೆಯಲ್ಲ ಇದರದ್ದು?" ಅಂದಿದ್ದೆ.
"ಉಬ್ಬಿದ್ರೇನು, ನಮ್ಮ ಕಾರ್ಪೊರೇಟರ್‌ದೂ ಉಬ್ಬಿದೆ,
ನಡೀತಾ ಇಲ್ವಾ?" ಅಂದಿದ್ದ.

ಮೂರು ರಾತ್ರಿ ಹುಡುಕಿದೆ.
ವಾಲ್ಯೂಮು ಸೊನ್ನೆಗಿಳಿಸಿದೆ: ಗುಂಯ್.
ಇನ್‌ಪುಟ್ಟಿನ ತಂತಿ ಕಿತ್ತೆ: ಗುಂಯ್.
ಫ್ರಿಜ್ಜು ಆರಿಸಿ ಬೈಸಿಕೊಂಡೆ.
ಹಾಲು ಒಡೆಯಿತು, ಗುಂಯ್ ಒಡೆಯಲಿಲ್ಲ.

ನಾಲ್ಕನೇ ದಿನ ಮಹಡಿಯಿಂದ
ಪದ್ಮಾಸನಿ ಟೀಚರ್ ಇಳಿದು ಬಂದರು, ಜಗಳಕ್ಕೆ.
ಮಕ್ಕಳ ಸರಳೆವರಸೆಗೆ ಅಡ್ಡ ಬರುತ್ತಿತ್ತಂತೆ.
ಬಾಗಿಲಲ್ಲೇ ನಿಂತರು, ಕತ್ತು ಓರೆ ಮಾಡಿದರು,
ಶ್ರುತಿಪೆಟ್ಟಿಗೆ ತರಿಸಿ ಗುಂಡಿ ತಿರುಗಿಸಿದರು.
"ಐದು ಮನೆಯೂ ಅಲ್ಲ, ಐದೂವರೆಯೂ ಅಲ್ಲ,
ನಡುಗೋಡೆಯಲ್ಲಿ ಕೂತಿದೆ ನಿಮ್ಮ ಪಿಶಾಚಿ."

ಲೆಕ್ಕ ಹಾಕಿದೆ. ಸೆಕೆಂಡಿಗೆ ನೂರು.
ಶರಾವತಿಯಿಂದ ಬರುವಾಗ ಐವತ್ತು,
ಡಯೋಡುಗಳು ಮಡಚಿದ ಮೇಲೆ ನೂರು.
ಅಂದರೆ ಉಬ್ಬಿದ ತಲೆಯದೇ ಕೆಲಸ.

ಹೊಸ ಕೆಪಾಸಿಟರು ಕೂರಿಸಿದೆ.
ಬೆಸುಗೆಯ ಹೊಗೆ ಆರುವ ಮೊದಲೇ ಮೆಟ್ಟಿಲಿಂದ ಕೂಗು:
"ಹೋಗಿಲ್ಲ ಕಣ್ರೀ, ಮಂದ್ರಕ್ಕಿಳಿದು ಕೂತಿದೆ!"
ಅದೇ ಸ್ವರ, ಒಂದು ಸ್ಥಾಯಿ ಕೆಳಗೆ. ಐವತ್ತು.
ಇವನು ಬೇರೆ ಕಳ್ಳ.
ಡಬ್ಬಿಯ ತುಂಬ, ಸಿಕ್ಕ ಸಿಕ್ಕ ಮೂಲೆಗೆ
ಅರ್ತಿನ ತಂತಿ ಕಚ್ಚಿಸಿದ್ದೆನಲ್ಲ,
ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟು
ಪ್ರದಕ್ಷಿಣೆ ಹಾಕುತ್ತಿದ್ದ.
ಎಲ್ಲ ಬಿಚ್ಚಿ ಒಂದೇ ತಿರುಪಿನಡಿ ತಂದೆ.
ಟ್ರಾನ್ಸ್‌ಫಾರ್ಮರನ್ನು ಮಗ್ಗುಲಿಗೆ ತಿರುಗಿಸಿದೆ,
ಮಾತು ಬಿಟ್ಟ ಓರಗಿತ್ತಿಯರನ್ನು
ಊಟದ ಪಂಕ್ತಿಯಲ್ಲಿ ಮುಖಾಮುಖಿಯಾಗದಂತೆ ಕೂರಿಸುವ ಹಾಗೆ.

ಟೀಚರ್ ಆಲಿಸಿದರು.
"ಇದೆ. ಆದರೆ ಮನೆಯೊಳಗಿಲ್ಲ,
ಬೀದಿಯ ಕೊನೆಗೆ ಹೋಗಿ ನಿಂತಿದೆ."
ಆಮೇಲೆ, ಸೆರಗಿನ ಮರೆಯಿಂದ, ಒಂದು ಕ್ಯಾಸೆಟ್ಟು.
ಭದ್ರಾವತಿಯಲ್ಲಿ ಹಾಡಿದ್ದು,
ಗಂಟಲಿನ ಆಪರೇಷನ್ನಿಗೆ ಮುಂಚೆ.

ಸೆಲ್ಲಿನ ವಾಕ್‌ಮನ್ನಿಗೆ ಹಾಕಿ, ಡಬ್ಬಿಗೆ ಸಿಕ್ಕಿಸಿದೆ.
ಆಲಾಪನೆ ಏರುತ್ತಿತ್ತು.
ಎಂದಿನಂತೆ ಏಳೂವರೆಗೆ ಕರೆಂಟು ಹೋಯಿತು.

ಕೆಪಾಸಿಟರಿನಲ್ಲುಳಿದ ಗುಟುಕು ಕುಡಿದು
ಡಬ್ಬಿ ಎರಡು ಸೆಕೆಂಡು ಹಾಡಿತು.
ಐವತ್ತಿಲ್ಲ. ನೂರಿಲ್ಲ.
ಕತ್ತಲಲ್ಲಿ ಬರಿಯ ಕಂಠ,
ಮುಂದಿನ ಸ್ವರಕ್ಕೆಂದು ಎಳೆದುಕೊಂಡ ಉಸಿರು.

"ಇನ್ನೊಂದ್ಸಲ" ಎಂದರು ಟೀಚರ್.

ಕರೆಂಟು ಬಂದಾಗ ಎಂಟು ದಾಟಿತ್ತು.
ಟೇಪು ಹಿಂದಕ್ಕೆ ಸುತ್ತಿ,
ಗೋಡೆಯ ಪ್ಲಗ್ಗಿಗೆ ಕೈಯಿಟ್ಟು ಕಾದೆ,
ಆ ಉಸಿರು ಹತ್ತಿರ ಬರಲಿ,
ಕಿತ್ತುಬಿಡೋಣ ಅಂತ.